ಟಾಲ್‌ಪಡಲ್‌ನ ಜೇಮ್ಸ್ ಹ್ಯಾಮೆಟ್: ಬಾಯಿ ಬಿಡದ ಒಬ್ಬ ಕೂಲಿಯಾಳಿನ ಬದುಕು

ಸಾಲುಮರ

ಇಂಗ್ಲೆಂಡಿನ ಡಾರ್ಸೆಟ್‌ಗೆ ಬರುವ ನಮ್ಮವರು ಹೆಚ್ಚಾಗಿ ಸಮುದ್ರದಂಚಿನ ಡರ್ಡಲ್ ಡೋರ್ ಕಮಾನು ನೋಡಿ, ನಾಲ್ಕು ಫೋಟೊ ತೆಗೆದುಕೊಂಡು ವಾಪಸ್ ಹೊರಡುತ್ತಾರೆ. ಅಲ್ಲಿಂದ ಒಳನಾಡಿಗೆ ತುಸು ದೂರ ಬಂದರೆ, ಡಾರ್ಚೆಸ್ಟರ್ ಪಟ್ಟಣಕ್ಕೆ ಏಳು ಮೈಲಿ ಇರುವಾಗ, ಟಾಲ್‌ಪಡಲ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿಯ ಸೇಂಟ್ ಜಾನ್ ಚರ್ಚಿನ ಅಂಗಳದಲ್ಲಿ ಒಬ್ಬ ಕೂಲಿಯಾಳಿನ ಸಮಾಧಿ ಇದೆ. ಹೆಸರು ಜೇಮ್ಸ್ ಹ್ಯಾಮೆಟ್. ಹುಟ್ಟಿದ್ದು 1811ರ ಡಿಸೆಂಬರ್ 11, ತೀರಿಕೊಂಡದ್ದು 1891ರ ನವೆಂಬರ್ 21. ಕಲ್ಲಿನ ಮೇಲೆ ಅವನನ್ನು ಹುತಾತ್ಮ, ಕಾರ್ಮಿಕ ಸಂಘಟನೆಯ ಮೊದಲಿಗ, ಸ್ವಾತಂತ್ರ್ಯಕ್ಕಾಗಿ ನಿಂತವ ಎಂದೆಲ್ಲ ಕೆತ್ತಿದ್ದಾರೆ. ಕೆತ್ತಿದವನು ಶಿಲ್ಪಿ ಎರಿಕ್ ಗಿಲ್. ಆ ಕಲ್ಲು ಬಂದದ್ದು 1934ರಲ್ಲಿ, ಅಂದರೆ ಮನುಷ್ಯ ಮಣ್ಣಾಗಿ 43 ವರ್ಷಗಳ ಮೇಲೆ.

ಟಾಲ್‌ಪಡಲ್ ಹುತಾತ್ಮರು ಅಂದರೆ ಆರು ಜನ. ಜಾರ್ಜ್ ಲವ್‌ಲೆಸ್, ಅವನ ತಮ್ಮ ಜೇಮ್ಸ್ ಲವ್‌ಲೆಸ್, ಅವರ ಸಹೋದರಿಯ ಗಂಡ ಥಾಮಸ್ ಸ್ಟ್ಯಾಂಡ್‌ಫೀಲ್ಡ್, ಆತನ ಮಗ ಜಾನ್, ಇಪ್ಪತ್ತರ ಹುಡುಗ ಜೇಮ್ಸ್ ಬ್ರೈನ್, ಮತ್ತು ಈ ಹ್ಯಾಮೆಟ್. ಐವರು ಕೊನೆಗೆ ಕೆನಡಾ ಸೇರಿ ಅಲ್ಲೇ ಮಣ್ಣಾದರು. ಹುಟ್ಟಿದೂರಿನಲ್ಲಿ ಉಳಿದವನು ಇವನೊಬ್ಬನೇ. ಚಳವಳಿಯ ಕಥೆ ಹೇಳುವಾಗ ಎಲ್ಲರೂ ಜಾರ್ಜ್ ಲವ್‌ಲೆಸ್‌ನಿಂದ ಶುರು ಮಾಡುತ್ತಾರೆ. ಅದು ಸರಿಯೂ ಹೌದು, ಸಂಘ ಕಟ್ಟಿದವನು ಅವನು. ಆದರೆ ನನಗೆ ಹ್ಯಾಮೆಟ್ ಬಗ್ಗೆ ಬರೆಯಬೇಕೆನಿಸಿದೆ. ಏಕೆಂದರೆ ಅವನ ಎಂಬತ್ತು ವರ್ಷಗಳಲ್ಲಿ ಹುತಾತ್ಮನ ಪಾಲು ಬಹಳ ಸಣ್ಣದು. ಉಳಿದದ್ದೆಲ್ಲ ವಿಕ್ಟೋರಿಯಾ ಕಾಲದ ಒಬ್ಬ ಕೂಲಿಯಾಳಿನ ಬದುಕು, ಆ ಕಾಲದ ಲಕ್ಷಾಂತರ ಜನ ಬದುಕಿ ಸತ್ತ ಹಾಗೆಯೇ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1830ರ ಸುಮಾರಿಗೆ ದಕ್ಷಿಣ ಇಂಗ್ಲೆಂಡಿನ ಹೊಲದ ಆಳುಗಳಿಗೆ ವಾರಕ್ಕೆ ಹತ್ತು ಶಿಲ್ಲಿಂಗ್ ಕೂಲಿ ಸಿಗುವ ಊರುಗಳಿದ್ದವು. ಟಾಲ್‌ಪಡಲ್‌ನ ರೈತ ಧಣಿಗಳು ನಾವೂ ಅಷ್ಟೇ ಕೊಡುತ್ತೇವೆ ಅಂತ ಊರ ಪಾದ್ರಿಯ ಎದುರಿಗೆ ಮಾತು ಕೊಟ್ಟರು. ಕೊಟ್ಟದ್ದು ಒಂಬತ್ತು. ಆಮೇಲೆ ಎಂಟಕ್ಕೆ ಇಳಿಸಿದರು, ಅಲ್ಲಿಂದ ಏಳಕ್ಕೆ. ಮುಂದೆ ಆರೇ ಅಂತ ಹೇಳಿಯೂಬಿಟ್ಟರು. ಪಾದ್ರಿ ತಾನು ಸಾಕ್ಷಿಯಾಗಿದ್ದ ಮಾತನ್ನೇ ಅಲ್ಲಗಳೆದ. 1833ರಲ್ಲಿ ಲವ್‌ಲೆಸ್ ಕೃಷಿ ಕಾರ್ಮಿಕರ ಸ್ನೇಹ ಸಂಘ ಕಟ್ಟಿದ. ಸೇರುವುದಕ್ಕೆ ಒಂದು ಶಿಲ್ಲಿಂಗ್, ಆಮೇಲೆ ವಾರಕ್ಕೊಂದು ಪೆನ್ನಿ. ಬೆಂಕಿ ಹಚ್ಚುವುದು, ಯಂತ್ರ ಒಡೆಯುವುದು ಯಾವುದೂ ಇಲ್ಲ. ಇಷ್ಟಕ್ಕಿಂತ ಕಡಿಮೆಗೆ ಯಾರೂ ದುಡಿಯಬಾರದು, ಅಷ್ಟೇ.

ಅದೇ ವರ್ಷ ಡಿಸೆಂಬರ್ 9ರಂದು ಸ್ಟ್ಯಾಂಡ್‌ಫೀಲ್ಡ್ ಮನೆಯ ಮಹಡಿಯಲ್ಲಿ ಹೊಸಬರನ್ನು ಸೇರಿಸಿಕೊಂಡರು. ಕಣ್ಣಿಗೆ ಕರವಸ್ತ್ರ ಕಟ್ಟಿ ಮೊಣಕಾಲೂರಿಸಿದರು, ಏನೋ ಓದಿದರು, ಪುಸ್ತಕಕ್ಕೆ ಮುತ್ತಿಡಿಸಿದರು. ಕಟ್ಟು ಬಿಚ್ಚಿದಾಗ ಎದುರಿಗೆ ಮನುಷ್ಯನ ಅಸ್ಥಿಪಂಜರದ ಚಿತ್ರ. ಒಳಗಿನ ಮಾತು ಹೊರಗೆ ಬಿಡುವುದಿಲ್ಲ ಎಂದು ಪ್ರಮಾಣ. ಹಾಗೆ ಸೇರಿದವರಲ್ಲಿ ಎಡ್ವರ್ಡ್ ಲೆಗ್ ಎಂಬವನು ಆಮೇಲೆ ಸರ್ಕಾರದ ಕಡೆ ಸಾಕ್ಷಿ ಹೇಳಿದ. 1834ರ ಫೆಬ್ರವರಿ 24ರ ಬೆಳಗ್ಗೆ ಆರೂ ಜನರನ್ನು ಹಿಡಿದು ಡಾರ್ಚೆಸ್ಟರ್‌ವರೆಗೆ ನಡೆಸಿಕೊಂಡು ಹೋದರು. ಮಾರ್ಚ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಏಳು ವರ್ಷ ಗಡೀಪಾರು ಶಿಕ್ಷೆ.

ಇಲ್ಲಿ ಹ್ಯಾಮೆಟ್‌ನ ಕಥೆ ಬೇರೆ ದಾರಿ ಹಿಡಿಯುತ್ತದೆ. ಆ ರಾತ್ರಿ ಅವನು ಆ ಮಹಡಿಯಲ್ಲಿ ಇರಲೇ ಇಲ್ಲ, ಅಲ್ಲಿದ್ದದ್ದು ಅವನ ತಮ್ಮ ಜಾನ್ ಎಂಬುದು ಊರಿನಲ್ಲಿ ಉಳಿದು ಬಂದ ಮಾತು. ತಮ್ಮನ ಹೆಂಡತಿಗೆ ದಿನ ತುಂಬಿತ್ತಂತೆ. ಲೆಗ್ ಕೋರ್ಟಿನಲ್ಲಿ ಬೆರಳು ತೋರಿಸಿದಾಗ ಜೇಮ್ಸ್ ಹ್ಯಾಮೆಟ್ ನಾನಲ್ಲ ಅನ್ನಲಿಲ್ಲ. ಅವನಿಗಾಗ 22 ವರ್ಷ, ಮನೆಯಲ್ಲಿ ಹೆಂಡತಿ. ಒಂದು ಮಾತು ಆಡಿದ್ದರೆ ಬಿಡುಗಡೆ ಆಗುತ್ತಿತ್ತೋ ಏನೋ, ಆದರೆ ಆ ಒಂದು ಮಾತಿಗೆ ತಮ್ಮ ಹಡಗು ಹತ್ತುತ್ತಿದ್ದ.

ಕ್ಷಮಾದಾನ ಸಿಕ್ಕಿ ವಾಪಸ್ ಬಂದು ಅದೇ ಊರಲ್ಲಿ ದುಡಿದ, ಮುದುಕನಾದ, ಕಣ್ಣು ಹೋಯಿತು. ಮನೆಯವರಿಗೆ ಹೊರೆಯಾಗಬಾರದು ಅಂತ ಡಾರ್ಚೆಸ್ಟರ್‌ನ ವರ್ಕ್‌ಹೌಸ್, ಅಂದರೆ ದಿಕ್ಕಿಲ್ಲದವರನ್ನು ಇಡುವ ಸರ್ಕಾರಿ ಬಡವರ ಮನೆ ಸೇರಿದ. ಪ್ರಾಣ ಹೋದದ್ದು ಅಲ್ಲೇ. ಟಾಲ್‌ಪಡಲ್‌ಗೆ ತಂದು ಹೂಳುವ ದಿನ ಸಂಘದ ಬಗ್ಗೆ ಯಾರೂ ಭಾಷಣ ಮಾಡಬಾರದು ಅಂತ ಊರಿನ ಜಮೀನ್ದಾರ ಖುದ್ದಾಗಿ ಬಂದು ನಿಂತಿದ್ದನೆಂದು ಹೇಳುತ್ತಾರೆ. ಘಟನೆ ನಡೆದು 57 ವರ್ಷ ಕಳೆದಿತ್ತು. ಎಂಬತ್ತರ ಕುರುಡ ಮುದುಕನ ಹೆಣಕ್ಕೂ ಹೆದರುವಷ್ಟು ಆ ಏಳು ಶಿಲ್ಲಿಂಗ್ ದೊಡ್ಡದಾಗಿತ್ತೇ ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬಿಳಿಜೋಳ

ಛಲೋ ಬರದೀರಿ. ಆದ್ರ ನನಗ ಏಳು ಶಿಲ್ಲಿಂಗ್ ಅಂದ್ರ ಎಷ್ಟು ಅಂತ ಅಂದಾಜು ಸಿಗವಲ್ದು. ಅದರಾಗ ಒಂದು ಸಂಸಾರ ನಡೀತಿತ್ತೇನು? ಇನ್ನೊಂದು, ಗುಟ್ಟಿಲೆ ಆಣೆ ಮಾಡಿದ್ದಕ್ಕ ಏಳು ವರ್ಷ ದೇಶಾ ಬಿಟ್ಟು ಕಳಸೂದಂದ್ರ ಯಾವ ಕಾನೂನ್ರಿ ಅದು? ಸಂಘ ಕಟ್ಟೂದ ಅಪರಾಧ ಆಗಿತ್ತೇನು ಆವಾಗ?

ಲೆಕ್ಕದಪುಸ್ತಕ

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಒಂದು ಶಿಲ್ಲಿಂಗ್‌ಗೆ 12 ಪೆನ್ನಿ, ಹಾಗಾಗಿ ಏಳು ಶಿಲ್ಲಿಂಗ್ ಅಂದರೆ 84 ಪೆನ್ನಿ. ಆ ಕಾಲದ ಕೂಲಿ ಕುಟುಂಬವೊಂದರ ವಾರದ ಖರ್ಚಿನ ಪಟ್ಟಿ ಟಾಲ್‌ಪಡಲ್ ಕಥೆಯ ಜೊತೆ ಯಾವಾಗಲೂ ಬರುತ್ತದೆ. ಮನೆ ಬಾಡಿಗೆ 1 ಶಿಲ್ಲಿಂಗ್ 2 ಪೆನ್ನಿ. ಬ್ರೆಡ್ಡಿಗೇ 9 ಶಿಲ್ಲಿಂಗ್. ಆಲೂಗಡ್ಡೆಗೆ 1 ಶಿಲ್ಲಿಂಗ್, ಸೌದೆ ಕಲ್ಲಿದ್ದಲಿಗೆ 9 ಪೆನ್ನಿ, ಬೆಣ್ಣೆಗೆ ನಾಲ್ಕೂವರೆ, ಸಕ್ಕರೆಗೆ ಮೂರೂವರೆ, ಚೀಸು, ಸೋಪು, ಮೇಣದಬತ್ತಿ ತಲಾ 3, ದಾರಕ್ಕೆ ಎರಡೂವರೆ, ಚಹಾಪುಡಿಗೆ 2, ಉಪ್ಪಿಗೆ ಅರ್ಧ ಪೆನ್ನಿ. ಒಟ್ಟು 13 ಶಿಲ್ಲಿಂಗ್ 9 ಪೆನ್ನಿ.

ಬ್ರೆಡ್ಡಿನ ಸಾಲನ್ನೇ ನೋಡಿ. ಬರೀ ಬ್ರೆಡ್ಡಿಗೆ ಬೇಕಾದದ್ದು ಇಡೀ ವಾರದ ಕೂಲಿಗಿಂತ ಎರಡು ಶಿಲ್ಲಿಂಗ್ ಹೆಚ್ಚು. ಪಟ್ಟಿಯಲ್ಲಿ ಮಾಂಸವಿಲ್ಲ, ಹಾಲಿಲ್ಲ, ಬಟ್ಟೆಯಿಲ್ಲ, ಕಾಲಿಗೆ ಬೂಟಿಲ್ಲ, ಔಷಧಿಯಿಲ್ಲ. ಕೆಸರು ಹೊಲದಲ್ಲಿ ದುಡಿಯುವವನಿಗೆ ಬೂಟು ಶೋಕಿಯ ವಸ್ತುವಲ್ಲ ಅನ್ನುವುದನ್ನು ನೆನಪಿಡಿ. ಉಳಿದದ್ದನ್ನು ಹೆಂಡತಿ ಮಕ್ಕಳ ದುಡಿಮೆಯಿಂದ, ಸುಗ್ಗಿಯಲ್ಲಿ ತೆನೆ ಆಯ್ದು, ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರಾಡಳಿತ, ಕೊಡುವ ಬಡವರ ಪರಿಹಾರದಿಂದ ತುಂಬಿಸಿಕೊಳ್ಳಬೇಕು. ಇಂಥ ಮನೆಯಿಂದ ವಾರಕ್ಕೊಂದು ಪೆನ್ನಿ ಎತ್ತಿ ಸಂಘಕ್ಕೆ ಕೊಟ್ಟರು ಅಂದರೆ ಅದೆಂಥ ನಂಬಿಕೆ ಇರಬೇಕು. ಕೂಲಿ ಆರಕ್ಕಿಳಿದರೆ ಹೋಗುವುದು 12 ಪೆನ್ನಿ, ಸಂಘಕ್ಕೆ ಹೋಗುವುದು ಒಂದು. ಲೆಕ್ಕ ಬಾರದವರೇನಲ್ಲ ಅವರು.

ಕಡಲತಡಿ

ಕಾನೂನಿನ ಪ್ರಶ್ನೆಗೆ: ಸಂಘ ಕಟ್ಟುವುದು ಅಪರಾಧವಾಗಿರಲಿಲ್ಲ. ಕೂಲಿಗಾರರು ಒಟ್ಟು ಸೇರುವುದನ್ನು ನಿಷೇಧಿಸಿದ್ದ ಕಾಯ್ದೆಗಳು 1824ರಲ್ಲೇ ರದ್ದಾಗಿದ್ದವು. ಮರುವರ್ಷ ಸ್ವಲ್ಪ ಬಿಗಿ ಮಾಡಿದರೂ ಸಂಘ ಕಾನೂನುಬದ್ಧವಾಗಿಯೇ ಉಳಿಯಿತು. ಹಾಗಾಗಿ ಜೇಮ್ಸ್ ಫ್ರಾಂಪ್ಟನ್ ಬೇರೆ ದಾರಿ ಹುಡುಕಬೇಕಾಯಿತು. ಈತ ಪಕ್ಕದ ಮೋರ್ಟನ್ ಎಸ್ಟೇಟಿನ ಒಡೆಯ, ಆ ಭಾಗದ ಮ್ಯಾಜಿಸ್ಟ್ರೇಟ್ ಕೂಡ. ಗೃಹಮಂತ್ರಿ ಲಾರ್ಡ್ ಮೆಲ್ಬರ್ನ್‌ಗೆ ಪತ್ರ ಬರೆದು ಸಲಹೆ ಕೇಳಿದ. ಸಿಕ್ಕಿದ ಅಸ್ತ್ರ 1797ರ ಅಕ್ರಮ ಪ್ರಮಾಣ ಕಾಯ್ದೆ. ಅದನ್ನು ಮಾಡಿದ್ದು ನೌಕಾಪಡೆಯ ದಂಗೆಯ ನಂತರ, ನಾವಿಕರು ಗುಟ್ಟಾಗಿ ಆಣೆ ಹಾಕಿ ದಂಗೆಯೇಳದಂತೆ ತಡೆಯಲು. ಹಡಗಿನ ದಂಗೆಗೆ ಮಾಡಿದ ಕಾನೂನನ್ನು ಹೊಲದ ಆಳುಗಳ ಮೇಲೆ ಹೇರಿದರು.

ಫೆಬ್ರವರಿ 22ಕ್ಕೆ ಊರಲ್ಲಿ ಎಚ್ಚರಿಕೆ ನೋಟೀಸು ಅಂಟಿಸಿದರು, 24ಕ್ಕೆ ಬಂಧನ. ಪ್ರಮಾಣ ಮಾಡಿದ್ದು ನೋಟೀಸಿಗಿಂತ ಎರಡೂವರೆ ತಿಂಗಳು ಹಿಂದೆ. ಕೇಸು ವಿಚಾರಣೆಗೆ ಹೋಗಬೇಕೇ ಎಂದು ಮೊದಲು ತೀರ್ಮಾನಿಸುವ ಗ್ರ್ಯಾಂಡ್ ಜೂರಿಯ ಮುಖ್ಯಸ್ಥ ಮೆಲ್ಬರ್ನ್‌ನ ಭಾವಮೈದುನ ಪಾನ್ಸನ್‌ಬಿ, ದೂರು ಎಬ್ಬಿಸಿದ ಫ್ರಾಂಪ್ಟನ್ ಕೂಡ ಆ ಜೂರಿಯಲ್ಲೇ ಕುಳಿತಿದ್ದ. ನ್ಯಾಯಾಧೀಶ ಜಾನ್ ವಿಲಿಯಮ್ಸ್ ಗರಿಷ್ಠ ಶಿಕ್ಷೆ ಕೊಟ್ಟ. ನಾವು ಯಾರ ಹೆಸರು, ಮೈ, ಆಸ್ತಿಗೂ ಕೇಡು ಮಾಡಿಲ್ಲ, ಹೆಂಡಿರು ಮಕ್ಕಳು ಹಸಿದು ಸಾಯದಂತೆ ಒಟ್ಟಾದೆವು ಅಷ್ಟೇ ಎಂದು ಲವ್‌ಲೆಸ್ ಬರೆದು ಕೊಟ್ಟ ಹೇಳಿಕೆಗೆ ಆ ಕೋರ್ಟಿನಲ್ಲಿ ಬೆಲೆಯೇ ಸಿಗಲಿಲ್ಲ.

ಫ್ರಾಂಪ್ಟನ್ ಯಾಕಿಷ್ಟು ಬೆದರಿದ್ದ ಅನ್ನುವುದಕ್ಕೂ ಕಾರಣವಿದೆ. 1830ರ ಕೊನೆಯಲ್ಲಿ ದಕ್ಷಿಣ ಇಂಗ್ಲೆಂಡಿನ ಉದ್ದಕ್ಕೂ ಆಳುಗಳು ಒಕ್ಕಣೆ ಯಂತ್ರ ಒಡೆದರು, ಬಣವೆಗೆ ಬೆಂಕಿ ಹಚ್ಚಿದರು. ಧಣಿಗಳಿಗೆ ಕ್ಯಾಪ್ಟನ್ ಸ್ವಿಂಗ್ ಎಂಬ ಹೆಸರಲ್ಲಿ ಬೆದರಿಕೆ ಪತ್ರ ಬರುತ್ತಿತ್ತು. ಚಳಿಗಾಲದಲ್ಲಿ ಕೈಯಿಂದ ಕಾಳು ಬಡಿಯುವುದೊಂದೇ ಅವರಿಗಿದ್ದ ಕೆಲಸ, ಯಂತ್ರ ಅದನ್ನೂ ಕಸಿದುಕೊಂಡಿತ್ತು. ಆಗ 19 ಜನರನ್ನು ಗಲ್ಲಿಗೇರಿಸಿದರು, ನೂರಾರು ಜನರನ್ನು ಗಡೀಪಾರು ಮಾಡಿದರು. ಆ ಗಲಾಟೆಯಾಗಿ ಮೂರೇ ವರ್ಷಕ್ಕೆ ಅವೇ ಆಳುಗಳು ಕಲ್ಲೆತ್ತದೆ, ಬೆಂಕಿ ಹಚ್ಚದೆ, ಲೆಕ್ಕ ಬರೆದಿಟ್ಟುಕೊಂಡು ಒಟ್ಟಾದಾಗ ಧಣಿಗಳಿಗೆ ಇನ್ನೂ ಹೆಚ್ಚು ಭಯವಾಯಿತು.

ತುಂಗಾತೀರ

ಎಲ್ಲ ಸರಿ, ಆದರೆ ಹ್ಯಾಮೆಟ್‌ನನ್ನು ಇಷ್ಟು ಎತ್ತರಕ್ಕೆ ಏರಿಸುವುದು ನನಗೆ ಒಪ್ಪಿಗೆಯಿಲ್ಲ. ಲವ್‌ಲೆಸ್ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡದ ಬೋಧಕ, ಓದು ಬರಹ ಬಲ್ಲವ, ಧಣಿಗಳ ಎದುರು ಕುಳಿತು ಮಾತಾಡಿದವ. ತಾನು ಏನು ಮಾಡುತ್ತಿದ್ದೇನೆ ಅಂತ ತಿಳಿದು ಮಾಡಿದ. ಹ್ಯಾಮೆಟ್‌ಗೆ 1829ರಲ್ಲಿ ಕಬ್ಬಿಣದ ಚೂರು ಕದ್ದ ಕೇಸಿನಲ್ಲಿ ನಾಲ್ಕು ತಿಂಗಳ ಜೈಲಾಗಿತ್ತು, ಆರು ಜನರಲ್ಲಿ ಹಿಂದೆ ಶಿಕ್ಷೆಯಾದವನು ಅವನೊಬ್ಬನೇ. ಬಾಯಿ ಬಿಟ್ಟಿದ್ದರೂ ಯಾರು ನಂಬುತ್ತಿದ್ದರು? ಬೇರೆ ದಾರಿಯಿಲ್ಲದೆ ಸುಮ್ಮನಿದ್ದದ್ದನ್ನು ತ್ಯಾಗ ಅನ್ನಬಹುದೇ? ಸ್ವಾತಂತ್ರ್ಯಕ್ಕಾಗಿ ನಿಂತವ ಅಂತ ಕಲ್ಲಿನಲ್ಲಿ ಬರೆದದ್ದು 1934ರ ಸಂಘಟನೆಯವರು, ಅವರಿಗೆ ಒಂದು ಸಮಾಧಿ ಬೇಕಿತ್ತು, ಇವನದು ಸಿಕ್ಕಿತು.

ಸಾಲುಮರ

@ತುಂಗಾತೀರ, ಕಬ್ಬಿಣದ ಕೇಸು ಎತ್ತಿದ್ದು ಒಳ್ಳೆಯದಾಯಿತು. ಹದಿನೇಳರ ಹುಡುಗ ಕಬ್ಬಿಣದ ಚೂರು ಕದ್ದದ್ದು ಯಾಕೆ ಅನ್ನುವುದಕ್ಕೆ ಮೇಲಿನ ಬ್ರೆಡ್ಡಿನ ಲೆಕ್ಕವೇ ಸಾಕು. ಆದರೆ ಅದರಿಂದ ನನಗೆ ನಿಮ್ಮದಕ್ಕೆ ತದ್ವಿರುದ್ಧವಾದ ಅರ್ಥ ಕಾಣುತ್ತದೆ. ಜೈಲು ಹೇಗಿರುತ್ತದೆ ಎಂದು ಆ ಆರು ಜನರಲ್ಲಿ ಚೆನ್ನಾಗಿ ಗೊತ್ತಿದ್ದದ್ದು ಅವನಿಗೇ. ಡಾರ್ಚೆಸ್ಟರ್ ಜೈಲಿನ ಬಾಗಿಲಲ್ಲಿ ತಲೆ ಬೋಳಿಸಿದಾಗ ಉಳಿದವರಿಗೆ ಅದು ಹೊಸದು. ಗೊತ್ತಿದ್ದವನು ಬಾಯಿ ಕಟ್ಟಿಕೊಂಡು ನಿಂತ.

ಇನ್ನು ಯಾರೂ ನಂಬುತ್ತಿರಲಿಲ್ಲ ಎನ್ನುವ ಮಾತು. ನಂಬಲಿ ಬಿಡಲಿ, ಗೋಳಾಡುವುದು ಮನುಷ್ಯ ಸಹಜ. ತಮ್ಮನ ಹೆಸರು ಹೇಳುವುದು ಇನ್ನೂ ಸಹಜ. 1834ರಲ್ಲಿ ಹೇಳಲಿಲ್ಲ, ಆಮೇಲೆ ಐವತ್ತು ವರ್ಷ ಅದೇ ಊರಲ್ಲಿದ್ದೂ ಅದನ್ನು ಹೇಳಿಕೊಂಡು ತಿರುಗಲಿಲ್ಲ. ಲವ್‌ಲೆಸ್ ತಿರುಗಿ ಬಂದ ಮೇಲೆ ತನ್ನ ಅನುಭವ ಬರೆದು ಅಚ್ಚು ಹಾಕಿಸಿದ, ಅದರಿಂದಲೇ ನಮಗೆ ಈ ಕಥೆಯ ಬಹುಭಾಗ ಗೊತ್ತಾದದ್ದು. ಅವನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಬರೆಯಬಲ್ಲವನ ಧೈರ್ಯವನ್ನಷ್ಟೇ ಧೈರ್ಯವೆಂದು ಎಣಿಸಿದರೆ ಆ ಕಾಲದ ಕೂಲಿಯವರಲ್ಲಿ ಬಹಳಷ್ಟು ಜನ ಲೆಕ್ಕಕ್ಕೇ ಸಿಗುವುದಿಲ್ಲ.

ಮಲೆನಾಡಿಗ

ಆಸ್ಟ್ರೇಲಿಯಾದ ಭಾಗವನ್ನು ಯಾರೂ ಹೇಳಲಿಲ್ಲ, ನಾನು ಸೇರಿಸುತ್ತೇನೆ. ಕಾಯಿಲೆ ಬಿದ್ದ ಜಾರ್ಜ್ ಲವ್‌ಲೆಸ್‌ನನ್ನು ಬಿಟ್ಟು ಉಳಿದ ಐವರು ಸರ್ರೆ ಎಂಬ ಹಡಗಿನಲ್ಲಿ 1834ರ ಏಪ್ರಿಲ್ 11ಕ್ಕೆ ಪ್ಲಿಮತ್‌ನಿಂದ ಹೊರಟು ಆಗಸ್ಟ್ 17ಕ್ಕೆ ಸಿಡ್ನಿ ತಲುಪಿದರು. ನಾಲ್ಕು ತಿಂಗಳ ಮೇಲೆ ನೀರಿನ ಮೇಲೆ. ಜಾರ್ಜ್‌ನನ್ನು ಆಮೇಲೆ ಬೇರೆ ಹಡಗಿನಲ್ಲಿ ಈಗಿನ ಟ್ಯಾಸ್ಮೇನಿಯಾಕ್ಕೆ ಕಳಿಸಿದರು.

ಸಿಡ್ನಿಯಲ್ಲಿ ಕೈದಿಗಳನ್ನು ಜಮೀನ್ದಾರರಿಗೆ ಹಂಚುತ್ತಿದ್ದರು. ಚೀಟಿಯಲ್ಲಿ ಹೆಸರು ಬರೆದು ಎತ್ತುವುದು, ತಲೆಗೆ ಒಂದು ಪೌಂಡು. ಒಂದು ಪೌಂಡಿಗೆ ನನ್ನನ್ನು ಗುಲಾಮನಂತೆ ಮಾರಿದರು ಎಂದು ಹ್ಯಾಮೆಟ್ ಮುಂದೆ ಮುದಿವಯಸ್ಸಿನಲ್ಲಿ ಒಂದೇ ಒಂದು ಸಲ ಸಾರ್ವಜನಿಕವಾಗಿ ಹೇಳಿದ. ಅವನ ಚೀಟಿ ಬಿದ್ದದ್ದು ಎಡ್ವರ್ಡ್ ಜಾನ್ ಐರ್ ಎಂಬ ತರುಣನ ಪಾಲಿಗೆ. ಕ್ವೀನ್‌ಬಿಯನ್ ಕಡೆ ಅವನ ವುಡ್‌ಲ್ಯಾಂಡ್ಸ್ ಎಂಬ ಕುರಿ ಸಾಕುವ ಜಮೀನಿತ್ತು. ಅಲ್ಲಿಯವರೆಗೆ ನಡೆದೇ ಹೋಗಬೇಕಾಯಿತು.

ಈ ಐರ್ ಯಾರು ಗೊತ್ತೇ? ಮುಂದೆ ಆಸ್ಟ್ರೇಲಿಯಾದ ಮರುಭೂಮಿ ದಾಟಿ ಹೆಸರು ಮಾಡಿದ ಅನ್ವೇಷಕ. ಆಮೇಲೆ ಜಮೈಕಾದ ಗವರ್ನರ್ ಆಗಿ 1865ರ ಮೊರಾಂಟ್ ಬೇ ದಂಗೆಯನ್ನು ನೂರಾರು ಕಪ್ಪು ಜನರ ರಕ್ತ ಹರಿಸಿ ಅಡಗಿಸಿದವ. ಅವನ ಹೆಸರಿನಲ್ಲಿ ಸರೋವರವಿದೆ, ಹೆದ್ದಾರಿಯಿದೆ. ಅವನ ಕುರಿ ಕಾಯ್ದವನಿಗೆ ಒಂದು ಕಲ್ಲು ಬರಲು 43 ವರ್ಷ ಬೇಕಾಯಿತು.

ಸೀಗೆಬಳ್ಳಿ

ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ, ಹೆಂಗಸರು ಎಲ್ಲಿ? ಗಂಡಸರು ಹಡಗು ಹತ್ತಿದ ಮೇಲೆ ಟಾಲ್‌ಪಡಲ್‌ನಲ್ಲಿ ಉಳಿದ ಹೆಂಡಿರು ಮಕ್ಕಳು ಏನು ತಿಂದರು ಅನ್ನುವುದೂ ಈ ಕಥೆಯೇ. ಅವರು ಪ್ಯಾರಿಷ್ ಪರಿಹಾರ ಕೇಳಲು ಹೋದಾಗ ಅಧಿಕಾರಿಗಳು ಇಲ್ಲ ಅಂದರು. ಸಂಘಕ್ಕೆ ಹಣ ಕಟ್ಟುವ ಶಕ್ತಿ ಇದ್ದವರಿಗೆ ಪರಿಹಾರ ಯಾಕೆ ಅನ್ನುವುದು ಫ್ರಾಂಪ್ಟನ್ ವಾದ. ಅಂದರೆ ಆ ಒಂದು ಪೆನ್ನಿಗೆ ಗಂಡನಿಗೆ ಗಡೀಪಾರು, ಮಕ್ಕಳಿಗೆ ಉಪವಾಸ. ಲಂಡನ್ನಿನ ಕಾರ್ಮಿಕರು ಕಮಿಟಿ ಮಾಡಿ ಚಂದಾ ಎತ್ತಿ ಕಳಿಸಿದ್ದರಿಂದ ಆ ಕುಟುಂಬಗಳು ಉಳಿದವು.

ಲೆಕ್ಕದಪುಸ್ತಕ ಹೆಂಡತಿಯ ದುಡಿಮೆ ಎಂದು ಒಂದೇ ಪದದಲ್ಲಿ ಮುಗಿಸಿದ್ದಾರೆ, ಅದನ್ನೂ ಬಿಡಿಸಿ ಹೇಳಬೇಕು. ಡಾರ್ಸೆಟ್ ಹೆಂಗಸರು ಮನೆಯಲ್ಲಿ ಕುಳಿತು ಗುಂಡಿ ಮಾಡುತ್ತಿದ್ದರು. ಸಣ್ಣ ಲೋಹದ ಬಳೆಗೆ ಸುತ್ತಲೂ ದಾರ ಹೊಲಿದು, ಒಳಗೆ ಚಕ್ರದ ಅರಗಳ ಹಾಗೆ ಎಳೆ ಕಟ್ಟಿ, ನಡುವಿನಿಂದ ಸುತ್ತುತ್ತ ತುಂಬಿಸುವ ಕಸೂತಿ ಕೆಲಸ. ಡಾರ್ಸೆಟ್ ಗುಂಡಿ ಎಂದೇ ಇಂದಿಗೂ ಹೆಸರು. ಹೊಲದಲ್ಲಿ ಕಲ್ಲು ಆಯುವುದು, ಟರ್ನಿಪ್ ಕೀಳುವುದಕ್ಕಿಂತ ಅದು ಎಷ್ಟೋ ಮೇಲು, ಮಳೆಯಲ್ಲಿ ನೆನೆಯಬೇಕಿಲ್ಲ, ಬಟ್ಟೆ ಬೂಟು ಸವೆಯುವುದಿಲ್ಲ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಗುಂಡಿ ಮಾಡುವ ಯಂತ್ರ ಬಂತು, ಕೆಲವೇ ವರ್ಷಗಳಲ್ಲಿ ಆ ಕಸುಬು ನೆಲಕಚ್ಚಿತು. ಹ್ಯಾಮೆಟ್ ವಾಪಸ್ ಬಂದು ಸಂಸಾರ ಮಾಡುತ್ತಿದ್ದ ಕಾಲವೇ ಅದು. ಗಂಡಸರ ಕೂಲಿ ಇಳಿದ ಇತಿಹಾಸಕ್ಕೆ ಸಮಾಧಿಯ ಕಲ್ಲಾದರೂ ಇದೆ, ಈ ಹೆಂಗಸರ ಕೈ ಖಾಲಿಯಾದದ್ದಕ್ಕೆ ಅದೂ ಇಲ್ಲ.

ಬಿಳಿಜೋಳ

ಇದು ಗೊತ್ತಿರಲಿಲ್ಲ ಅಕ್ಕಾರ, ಭಾಳ ಚಲೋ ಹೇಳಿದ್ರಿ. ನನ್ನ ತಲ್ಯಾಗ ಒಂದ ಪ್ರಶ್ನೆ ಉಳದೈತಿ. ಐದೂ ಮಂದಿ ಕೆನಡಾಕ್ಕ ಹೋಗಿ ಅಲ್ಲೇ ಉಳದ್ರು ಅಂದ್ರಿ. ಹಂಗಾದ್ರ ಇಂವ ಯಾಕ ಹೋಗಲಿಲ್ಲ? ಕೂಲಿ ಮಾಡಾಕ, ಅದೂ ಅದ ಧಣಿಗೋಳ ಊರಿಗೆ ಯಾಕ ತಿರುಗಿ ಬಂದ?

ಸಾಲುಮರ

ಇದೇ ಈ ಬದುಕಿನ ಗಟ್ಟಿ ಪ್ರಶ್ನೆ.

ಮೊದಲು ನಡೆದದ್ದು ಹೇಳುತ್ತೇನೆ. ಶಿಕ್ಷೆಯಾದ ಕೂಡಲೇ ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. 1834ರ ಏಪ್ರಿಲ್ 21ರಂದು ಲಂಡನ್ನಿನ ಕೋಪನ್‌ಹೇಗನ್ ಫೀಲ್ಡ್ಸ್ ಬಯಲಿನಲ್ಲಿ ಹತ್ತಾರು ಸಾವಿರ ಜನ ಸೇರಿ ಮೆಲ್ಬರ್ನ್ ಕಚೇರಿಗೆ ಮೆರವಣಿಗೆ ಹೋದರು. ಎರಡು ಲಕ್ಷಕ್ಕೂ ಮೀರಿದ ಸಹಿಗಳ ಮನವಿ. ಮೆಲ್ಬರ್ನ್ ತೆಗೆದುಕೊಳ್ಳಲಿಲ್ಲ. ಆದರೆ ಸಂಸತ್ತಿನಲ್ಲಿ ಥಾಮಸ್ ವೇಕ್ಲಿಯಂಥವರು ಬಿಡದೆ ಹಿಂದೆ ಬಿದ್ದರು, ಹೊಸ ಗೃಹಮಂತ್ರಿ ಲಾರ್ಡ್ ಜಾನ್ ರಸೆಲ್ ಕಾಲದಲ್ಲಿ, 1836ರ ಮಾರ್ಚ್‌ನಲ್ಲಿ ಪೂರ್ತಿ ಕ್ಷಮಾದಾನ ಸಿಕ್ಕಿತು. ಜಾರ್ಜ್ 1837ರಲ್ಲಿ ಬಂದ, ನಾಲ್ವರು 1838ರ ಮಾರ್ಚ್‌ನಲ್ಲಿ ಪ್ಲಿಮತ್‌ನಲ್ಲಿ ಇಳಿದರು. ಹ್ಯಾಮೆಟ್ ಬಂದದ್ದು 1839ರಲ್ಲಿ, ಎಲ್ಲರಿಗಿಂತ ಕೊನೆಗೆ. ಅಲ್ಲಿ ಹೊಡೆದಾಟದ ಆರೋಪವೊಂದರಲ್ಲಿ ಸಿಕ್ಕಿಬಿದ್ದು ಹಡಗು ತಪ್ಪಿತ್ತು. ಮೆರವಣಿಗೆ, ಸನ್ಮಾನ ಎಲ್ಲ ಮುಗಿದ ಮೇಲೆ ಬಂದವನು ಅವನು.

ಕಮಿಟಿಯವರು ಚಂದಾ ಹಣದಲ್ಲಿ ಎಸೆಕ್ಸ್‌ನಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಕೊಟ್ಟಿದ್ದರು, ಗ್ರೀನ್‌ಸ್ಟೆಡ್ ಬಳಿ ಒಂದು, ಹೈ ಲೇವರ್‌ನಲ್ಲಿ ಇನ್ನೊಂದು. ಬ್ರೈನ್ ಅಲ್ಲೇ ಸ್ಟ್ಯಾಂಡ್‌ಫೀಲ್ಡ್ ಮಗಳನ್ನು ಮದುವೆಯಾದ. ಅಂದರೆ ಐವರದೂ ಒಂದೇ ಮನೆತನವಾಯಿತು. ಎಸೆಕ್ಸ್‌ನ ಧಣಿಗಳು, ಪಾದ್ರಿಗಳು ಅಲ್ಲೂ ನೆಮ್ಮದಿ ಕೊಡಲಿಲ್ಲ, ಗುತ್ತಿಗೆ ಮುಗಿಯುತ್ತ ಬಂದಾಗ 1840ರ ದಶಕದ ನಡುವೆ ಅವರು ಕೆನಡಾದ ಒಂಟಾರಿಯೊಗೆ ಹೊರಟುಹೋದರು. ಅಲ್ಲಿ ತಮ್ಮ ಹಳೆಯ ಕಥೆಯನ್ನು ಯಾರಿಗೂ ಹೇಳದೆ ಬದುಕಿದರು. ಹ್ಯಾಮೆಟ್ ಎಸೆಕ್ಸ್‌ಗೆ ಹೋದ, ಸ್ವಲ್ಪ ಕಾಲ ಇದ್ದ, ಟಾಲ್‌ಪಡಲ್‌ಗೆ ಮರಳಿದ.

ಇನ್ನು ನನ್ನ ಅನಿಸಿಕೆ. ಅವನು ಆ ಮನೆತನದವನಲ್ಲ, ಅವರ ಜೊತೆ ಹೆಸರು ಸೇರಿದ್ದು ಒಂದು ರಾತ್ರಿಯ ಗುರುತು ತಪ್ಪಿನಿಂದ. ಅವನ ಜನ ಇದ್ದದ್ದು ಟಾಲ್‌ಪಡಲ್‌ನಲ್ಲಿ. ಯಾರಿಗಾಗಿ ಐದು ವರ್ಷ ಕಳೆದುಕೊಂಡನೋ ಆ ತಮ್ಮನ ಊರೂ ಅದೇ. ಬಂದವನು ಕಟ್ಟಡದ ಕೆಲಸಕ್ಕೆ ಕೂಲಿಯಾಗಿ ಸೇರಿದ. ಹೊಲದ ಧಣಿಗಳ ಅಂಗಳಕ್ಕೆ ಮತ್ತೆ ಟೋಪಿ ಕಳಚಿ ಹೋಗದೆ ಊರಲ್ಲೇ ತಲೆಯೆತ್ತಿ ಇರುವ ದಾರಿ ಅದೊಂದೇ ಅಂತ ನನಗೆ ಕಾಣುತ್ತದೆ. ದೂರ ಹೋಗಿ ಗೆದ್ದವರನ್ನು ಮೆಚ್ಚುವುದು ಸುಲಭ. ಸೋಲಿಸಿದವರ ಬೀದಿಯಲ್ಲೇ ಐವತ್ತು ವರ್ಷ ದಿನಾ ನಡೆದಾಡಿದ್ದನ್ನು ನಾನು ಅದಕ್ಕಿಂತ ಕಡಿಮೆ ಅನ್ನಲಾರೆ.

ತುಂಗಾತೀರ

ಅಂಗಳಕ್ಕೆ ಹೋಗದಿರಲು ಕಟ್ಟಡದ ಕೆಲಸ ಹಿಡಿದ ಅನ್ನುವುದು ನಿಮ್ಮ ಪ್ರೀತಿಯ ಓದು. ಧಣಿಗಳೇ ಕೆಲಸ ಕೊಟ್ಟಿರಲಿಕ್ಕಿಲ್ಲ ಅಂತಲೂ ಓದಬಹುದು. ಆದರೂ ಒಂದು ಮಾತು ಒಪ್ಪುತ್ತೇನೆ, 1875ರ ಸಭೆ ನನ್ನನ್ನೂ ತಟ್ಟಿದೆ. 1872ರಲ್ಲಿ ವಾರಿಕ್‌ಷೈರ್‌ನಲ್ಲಿ ಜೋಸೆಫ್ ಆರ್ಚ್ ಎಂಬ ಬೇಲಿ ಕತ್ತರಿಸುವ ಆಳು ಕೃಷಿ ಕಾರ್ಮಿಕರ ರಾಷ್ಟ್ರೀಯ ಸಂಘ ಕಟ್ಟಿದ. ಮೂರು ವರ್ಷದ ಮೇಲೆ ಆ ಸಂಘದವರು ಹ್ಯಾಮೆಟ್‌ನನ್ನು ಹುಡುಕಿ, ಟಾಲ್‌ಪಡಲ್ ಪಕ್ಕದ ಬ್ರಯಂಟ್ಸ್‌ಪಡಲ್‌ನಲ್ಲಿ ಸಭೆ ಮಾಡಿ, ಮಾನಪತ್ರ ಮತ್ತು ಜೇಬುಗಡಿಯಾರ ಕೊಟ್ಟರು. ಮಲೆನಾಡಿಗ ಹೇಳಿದ ಒಂದು ಪೌಂಡಿನ ಮಾತು ಅಲ್ಲಿಯದೇ. ನಲವತ್ತು ವರ್ಷ ಬಾಯಿ ಬಿಡದವನು ತನ್ನಂಥ ಆಳುಗಳ ಎದುರಿಗೆ ಮೊದಲ ಸಲ ಬಾಯಿ ಬಿಟ್ಟ. 1934ರ ಕಲ್ಲಿಗಿಂತ ಅವನು ಬದುಕಿದ್ದಾಗಲೇ ಅವನ ಜನ ಕೊಟ್ಟ ಆ ಗಡಿಯಾರ ನನಗೆ ದೊಡ್ಡದು.

ಕಡಲತಡಿ

ವರ್ಕ್‌ಹೌಸ್ ಬಗ್ಗೆ ಒಂದಿಷ್ಟು ಹೇಳದಿದ್ದರೆ ಅವನ ಕೊನೆ ಅರ್ಥವಾಗುವುದಿಲ್ಲ. ಈ ಆರು ಜನಕ್ಕೆ ಶಿಕ್ಷೆಯಾದ 1834ರಲ್ಲೇ ಬಡವರ ಕಾನೂನು ತಿದ್ದುಪಡಿಯೂ ಆಯಿತು. ಮನೆಯಲ್ಲಿರುವ ಬಡವರಿಗೆ ಹಣ ಕೊಡುವುದನ್ನು ಬಿಗಿಗೊಳಿಸಿ, ಸಹಾಯ ಬೇಕಿದ್ದರೆ ವರ್ಕ್‌ಹೌಸ್‌ಗೆ ಬಾ ಎಂಬ ನೀತಿ. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತ ಕೀಳಾಗಿರಬೇಕು, ಆಗಲೇ ಯಾರೂ ಸುಮ್ಮಸುಮ್ಮನೆ ಬರುವುದಿಲ್ಲ ಎಂಬ ಲೆಕ್ಕಾಚಾರ. ಗಂಡಸರ ಕೋಣೆ ಬೇರೆ, ಹೆಂಗಸರದು ಬೇರೆ, ಮಕ್ಕಳದು ಬೇರೆ. ಸ್ವಂತ ಬಟ್ಟೆ ಕಳಚಿಟ್ಟು ಅಲ್ಲಿಯ ಸಮವಸ್ತ್ರ ತೊಡಬೇಕು. ಬಡವರ ಸಹಾಯ ಪಡೆದವನಿಗೆ ಮತದ ಹಕ್ಕೂ ಇಲ್ಲ. ಹಳ್ಳಿಯ ಕೂಲಿಗಳಿಗೆ ಮತ ಸಿಕ್ಕಿದ್ದೇ 1884ರಲ್ಲಿ, ವರ್ಕ್‌ಹೌಸ್ ಬಾಗಿಲು ದಾಟಿದರೆ ಅದೂ ಹೋಯಿತು.

ಬಡವರಿಗೆ ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. 1832ರ ಅಂಗರಚನಾ ಕಾಯ್ದೆಯ ಪ್ರಕಾರ ವರ್ಕ್‌ಹೌಸ್‌ನಲ್ಲಿ ಸತ್ತವನ ಹೆಣವನ್ನು ಯಾರೂ ಕೇಳಿಕೊಂಡು ಬರದಿದ್ದರೆ ವೈದ್ಯಶಾಲೆಗೆ ಕೊಯ್ಯಲು ಕೊಡಬಹುದಿತ್ತು. ಅದಕ್ಕೇ ಕೂಲಿಯವರು ಹೊಟ್ಟೆ ಕಟ್ಟಿಯಾದರೂ ಶವಸಂಸ್ಕಾರದ ಕ್ಲಬ್ಬಿಗೆ ವಾರವಾರ ಚಿಲ್ಲರೆ ಕಟ್ಟುತ್ತಿದ್ದರು. ಹ್ಯಾಮೆಟ್‌ನ ದೇಹ ಏಳು ಮೈಲಿ ಹಿಂದಕ್ಕೆ ಬಂದು ಸ್ವಂತ ಊರಿನ ಮಣ್ಣು ಸೇರಿದ್ದು ಸಣ್ಣ ವಿಷಯವಲ್ಲ. ಅವನನ್ನು ಕೇಳಿಕೊಂಡು ಬರುವವರಿದ್ದರು.

ಎಪ್ಪತ್ತು ದಾಟಿದವರಿಗೆ ವಾರಕ್ಕೆ ಐದು ಶಿಲ್ಲಿಂಗ್ ವೃದ್ಧಾಪ್ಯ ವೇತನ ಶುರುವಾದದ್ದು 1909ರ ಜನವರಿಯಲ್ಲಿ. ಹದಿನೇಳು ವರ್ಷ ತಡ.

ನಡುಮನೆ

ನಾನು ಯಾರ್ಕ್‌ಷೈರ್‌ನ ಒಂದು ಹಳ್ಳಿಯಲ್ಲಿದ್ದೇನೆ. ನಮ್ಮ ಚರ್ಚಿನ ಅಂಗಳದ ಮೂಲೆಯಲ್ಲೂ ಒಂದು ಸಣ್ಣ ಕಲ್ಲಿದೆ, ಹೆಸರಿನ ಕೆಳಗೆ ಇಂಥ ಜಮೀನಿನಲ್ಲಿ ನಲವತ್ತು ವರ್ಷ ನಿಯತ್ತಿನಿಂದ ದುಡಿದವನು ಅಂತ ಕೆತ್ತಿದೆ. ಅಂಥವರ ಬದುಕನ್ನು ಹುಡುಕುವುದು ಹೇಗೆ? ಹ್ಯಾಮೆಟ್‌ನಂತೆ ಅವರ ಹಿಂದೆ ಕೋರ್ಟು ಕಚೇರಿ ಇರುವುದಿಲ್ಲವಲ್ಲ.

ಲೆಕ್ಕದಪುಸ್ತಕ

ಸಿಗುತ್ತಾರೆ, ತಾಳ್ಮೆ ಬೇಕು. ಪ್ಯಾರಿಷ್ ರಿಜಿಸ್ಟರ್‌ನ ದೀಕ್ಷಾಸ್ನಾನ, ಮದುವೆ, ಸಂಸ್ಕಾರದ ದಾಖಲೆಗಳಿಂದ ಶುರು ಮಾಡಿ. ಮದುವೆಯ ಪುಟದಲ್ಲಿ ಸಹಿಯ ಜಾಗಕ್ಕೆ ಒಂದು ಅಡ್ಡಗೀಟಿನ ಗುರುತಿದ್ದರೆ ಆತನಿಗೆ ಬರೆಯಲು ಬರುತ್ತಿರಲಿಲ್ಲ ಅಂತ ಅಲ್ಲೇ ತಿಳಿಯುತ್ತದೆ. 1837ರಿಂದ ಸರ್ಕಾರಿ ಜನನ ಮರಣ ನೋಂದಣಿ ಇದೆ. 1841ರಿಂದ ಹತ್ತು ವರ್ಷಕ್ಕೊಮ್ಮೆ ಎಲ್ಲರ ಹೆಸರು ಬರೆದ ಜನಗಣತಿ. 1841ರದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ನಂಬಬೇಡಿ. 1851ರದು ಉತ್ತಮ, ಹುಟ್ಟಿದ ಊರು, ಮನೆಯ ಯಜಮಾನನಿಗೆ ಏನಾಗಬೇಕು ಎರಡೂ ಇರುತ್ತವೆ. ಕಸುಬಿನ ಕಾಲಮ್ಮಿನಲ್ಲಿ ಪುಟದುದ್ದಕ್ಕೂ ಆಗ್ ಲ್ಯಾಬ್ ಎಂಬ ಮೊಟಕು ಬರಹ ಕಾಣುತ್ತದೆ, ಅವರೆಲ್ಲ ಹೊಲದ ಆಳುಗಳೇ. ಒಂದೇ ಮನೆತನ ಹತ್ತು ವರ್ಷಕ್ಕೊಮ್ಮೆ ಬೇರೆ ಬೇರೆ ಹಳ್ಳಿಯಲ್ಲಿ ಸಿಕ್ಕರೆ ಗಾಬರಿಯಾಗಬೇಡಿ, ಎಷ್ಟೋ ಕಡೆ ಮನೆ ಧಣಿಯದಾಗಿರುತ್ತಿತ್ತು, ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಜಿಲ್ಲಾ ದಾಖಲೆ ಕಚೇರಿಯಲ್ಲಿ ವರ್ಕ್‌ಹೌಸ್ ಪುಸ್ತಕಗಳನ್ನೂ ಕೇಳಿ.

ನಿಮ್ಮ ಕಲ್ಲಿನ ಬಗ್ಗೆ ಇನ್ನೊಂದು ಮಾತು. ಕೂಲಿಯವರ ಕುಟುಂಬಕ್ಕೆ ಕಲ್ಲು ನಿಲ್ಲಿಸುವ ಶಕ್ತಿ ಇರುತ್ತಿದ್ದದ್ದು ಅಪರೂಪ. ನಿಯತ್ತಿನ ಸೇವೆ ಅಂತ ಬರೆದಿದ್ದರೆ ಹೆಚ್ಚಾಗಿ ಧಣಿಯೇ ದುಡ್ಡು ಕೊಟ್ಟು ನೆಡಿಸಿದ್ದಾಗಿರುತ್ತದೆ.

ಸೀಗೆಬಳ್ಳಿ

ಈ ಜುಲೈನಲ್ಲಿ ನಾವು ನಾಲ್ಕು ಜನ ಟಾಲ್‌ಪಡಲ್‌ಗೆ ಹೋಗಬೇಕೆಂದಿದ್ದೇವೆ. ಏನೇನು ನೋಡಬೇಕು?

ಸಾಲುಮರ

ಜುಲೈ ಮೂರನೇ ವಾರಾಂತ್ಯದಲ್ಲಿ ಕಾರ್ಮಿಕ ಸಂಘಟನೆಗಳ ಉತ್ಸವವಿರುತ್ತದೆ. ಬಾವುಟ, ಬ್ಯಾಂಡು, ಮೆರವಣಿಗೆ ಎಲ್ಲ ಇರುತ್ತದೆ, ಹ್ಯಾಮೆಟ್ ಸಮಾಧಿಗೆ ಹೂವಿನ ಹಾರವನ್ನೂ ಇಡುತ್ತಾರೆ. ಜನಜಂಗುಳಿ ಬೇಡವಾದರೆ ಬೇರೆ ವಾರ ಹೋಗಿ. ಲಂಡನ್ ವಾಟರ್‌ಲೂನಿಂದ ಡಾರ್ಚೆಸ್ಟರ್ ಸೌತ್‌ಗೆ ನೇರ ರೈಲಿದೆ, ಮುಂದೆ ರಸ್ತೆ.

ಊರ ನಡುವಿನ ಸಿಕಮೋರ್ ಮರದ ಕೆಳಗೆ ಸಂಘದವರು ಸೇರುತ್ತಿದ್ದರಂತೆ, 1680ರ ಆಸುಪಾಸಿನ ಮರ, ಇನ್ನೂ ಚಿಗುರುತ್ತಿದೆ. ಸ್ಟ್ಯಾಂಡ್‌ಫೀಲ್ಡ್ ಮನೆಯನ್ನು ಬೀದಿಯಿಂದಲೇ ನೋಡಿ, ಅದು ಖಾಸಗಿ ಮನೆ. ಮೆಥಡಿಸ್ಟ್ ಚಾಪೆಲ್ ಮುಂದೆ 1912ರ ಸ್ಮಾರಕ ಕಮಾನಿದೆ. ಶತಮಾನೋತ್ಸವಕ್ಕೆ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನವರು ನಿವೃತ್ತ ಹೊಲದ ಕೂಲಿಗಳಿಗಾಗಿ ಕಟ್ಟಿಸಿದ ಆರು ಮನೆಗಳ ಸಾಲನ್ನು ಮಾತ್ರ ಬಿಡಬೇಡಿ, ಒಂದೊಂದಕ್ಕೂ ಒಬ್ಬೊಬ್ಬರ ಹೆಸರು. ಹ್ಯಾಮೆಟ್‌ಗೆ ಮುದಿತನದಲ್ಲಿ ಬೇಕಾಗಿದ್ದದ್ದು ಅಂಥದೊಂದು ಮನೆ. ಮ್ಯೂಸಿಯಂ ಇರುವುದೂ ಅಲ್ಲೇ.

ಸಮಯ ಉಳಿದರೆ ಕೆಲವೇ ಮೈಲಿ ದೂರದ ಮೋರ್ಟನ್‌ಗೂ ಹೋಗಿ ಬನ್ನಿ. ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಸೈನಿಕನ ಸಮಾಧಿ ನೋಡಲು ಅಲ್ಲಿಗೆ ಜನ ಬರುತ್ತಲೇ ಇರುತ್ತಾರೆ. ಅದು ಫ್ರಾಂಪ್ಟನ್‌ನ ಊರು, ಲಾರೆನ್ಸ್ ಆ ಮನೆತನದ ಬಂಧುವೂ ಹೌದು. ಎರಡೂ ಊರುಗಳನ್ನು ಒಂದೇ ದಿನ ನೋಡಿದರೆ ಪತ್ರ ಬರೆದವನಿಗೂ ಹಡಗು ಹತ್ತಿದವನಿಗೂ ನಡುವೆ ಎಷ್ಟು ಸಣ್ಣ ದೂರವಿತ್ತು ಅನ್ನುವುದು ತಿಳಿಯುತ್ತದೆ. ಹೊರಡುವ ದಿನ ಗೊತ್ತಾದರೆ ಇಲ್ಲೇ ಬರೆಯಿರಿ, ಬಿಡುವಿದ್ದರೆ ನಾನೂ ಬರುತ್ತೇನೆ.